ಲಾಗ್‌ಫ್ರೇಮ್ ಬರೆಯಲು ಕನ್ಸಲ್ಟೆಂಟ್ ಬೇಕಾ? ಮೊದಲು ಗೋಡು (ಕೆರೆ ಹೂಳು) ಹೊಡೆಯುವ ತಿಂಗಳು ನೋಡಿ

ಗುಡಿಬಂಡೆ ಕಡೆಯ ಸಣ್ಣ ಸಂಸ್ಥೆ, ಹೊರದೇಶದ ಫಂಡರ್, ಕೆರೆ ಹೂಳೆತ್ತುವ ಎರಡು ವರ್ಷದ ಯೋಜನೆ. ಲಾಗ್‌ಫ್ರೇಮ್, ಅಂದರೆ ಯೋಜನೆಯ ಗುರಿ, ಕೆಲಸ, ಅದನ್ನು ಅಳೆಯುವ ಸೂಚಕ ಎಲ್ಲವನ್ನೂ ಒಂದೇ ಕಡೆ ತೋರಿಸುವ ಪಟ್ಟಿ, ನಾವೇ ಬರೆಯೋಣವಾ, ಕನ್ಸಲ್ಟೆಂಟ್ ಇಡೋಣವಾ ಅಂತ ಕೇಳಿದ್ದೀರಿ. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿ ನಾವೂ ಇದೇ ವಿಷಯಕ್ಕೆ ಕಚೇರಿಯಲ್ಲಿ ಜಗಳ ಆಡಿದ್ದೆವು. ಕೊನೆಗೆ ಬೆಂಗಳೂರಿನಿಂದ ಒಬ್ಬರನ್ನು ಕರೆಸಿದೆವು. ಅವರು ಚೆನ್ನಾಗಿಯೇ ಬರೆದುಕೊಟ್ಟರು. ನಾವೇ ಬರೆದಿದ್ದರೂ ಯೋಜನೆ ಹಾಗೇ ಕೆಡುತ್ತಿತ್ತು. ಯಾಕೆಂದರೆ ಕೆಟ್ಟಿದ್ದು ಲಾಗ್‌ಫ್ರೇಮ್‌ನಿಂದಲ್ಲ, ಅದರ ಹಿಂದೆ ಪಿನ್ ಹೊಡೆದಿದ್ದ ವೇಳಾಪಟ್ಟಿಯಿಂದ.

ಆ ಪಟ್ಟಿಯ ಮೇಲಿನ ಸಾಲಿನಲ್ಲಿ ತಿಂಗಳು 1, ತಿಂಗಳು 2 ಅಂತ 24ರವರೆಗೆ ಇತ್ತು. ಎಲ್ಲರೂ ಹಾಗೇ ಬರೆಯುತ್ತಾರೆ. ಮೊದಲ ಮೂರು ತಿಂಗಳು ಊರ ಸಭೆ, ಸರ್ವೆ, ಅನುಮತಿ. ನಾಲ್ಕರಿಂದ ಏಳನೇ ತಿಂಗಳು ಹೂಳೆತ್ತುವುದು. ಆಮೇಲೆ ತೂಬು, ಕೋಡಿ ರಿಪೇರಿ. ನಮ್ಮ ತಲೆಯಲ್ಲಿ ಲೆಕ್ಕ ಸರಿಯಾಗಿತ್ತು. ನವೆಂಬರ್‌ನಲ್ಲಿ ದುಡ್ಡು ಬಂದರೆ ನಾಲ್ಕನೇ ತಿಂಗಳು ಅಂದರೆ ಫೆಬ್ರವರಿ. ಸುಗ್ಗಿ ಮುಗಿದಿರುತ್ತದೆ, ಹೊಲ ಖಾಲಿ. ಆದರೆ ಫೆಬ್ರವರಿ ಅನ್ನೋದು ನಮ್ಮ ತಲೆಯಲ್ಲಿತ್ತೇ ಹೊರತು ಕಾಗದದ ಮೇಲೆ ಎಲ್ಲೂ ಇರಲಿಲ್ಲ.

ಫಂಡರ್‌ನ ಲೆಕ್ಕದ ವರ್ಷ ಜನವರಿಯಿಂದ ಡಿಸೆಂಬರ್. ಅವರ ಬೋರ್ಡ್ ಮೀಟಿಂಗ್ ಮುಂದಕ್ಕೆ ಹೋಯಿತು. ಆಮೇಲೆ ನಮ್ಮ ಆಡಿಟ್ ವರದಿ ಬೇಕು ಅಂದರು, ಇನ್ನೇನೋ ಪತ್ರ ಬೇಕು ಅಂದರು. ಮೊದಲ ಕಂತು ಬಂದಿದ್ದು ಏಪ್ರಿಲ್‌ನಲ್ಲಿ. ಆಗ ಏಪ್ರಿಲ್ಲೇ ತಿಂಗಳು 1 ಆಯಿತು. ಹೂಳೆತ್ತುವ ಕೆಲಸ ಸದ್ದಿಲ್ಲದೆ ಜುಲೈನಿಂದ ಅಕ್ಟೋಬರ್‌ಗೆ ಬಂದು ಕೂತಿತು. ಯಾರೂ ತಕರಾರು ಮಾಡಲಿಲ್ಲ. ಹೇಗೆ ಮಾಡುತ್ತಾರೆ? ಕಾಗದದ ಮೇಲೆ ಒಂದಕ್ಷರವೂ ಬದಲಾಗಿರಲಿಲ್ಲ.

ಇಲ್ಲಿ ಸ್ವಲ್ಪ ಜಾಸ್ತಿ ಬಿಡಿಸಿ ಹೇಳಬೇಕು, ಯಾಕೆಂದರೆ ಹೊರಗಿನವರಿಗೆ ಇದು ಗೊತ್ತಾಗೋದೇ ಇಲ್ಲ. ಹೂಳೆತ್ತಲು ಕೆರೆ ಒಣಗಿದ್ದರೆ ಸಾಕು ಅಂತ ಅವರು ಅಂದುಕೊಳ್ಳುತ್ತಾರೆ. ಜುಲೈನಲ್ಲಿ ನಮ್ಮ ಕೆರೆಗಳು ಒಣಗಿಯೇ ಇದ್ದವು. ಕೋಲಾರದಲ್ಲಿ ಕೆರೆಗೆ ನೀರು ತರುವ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ಫಂಡರ್ ಕಡೆಯ ಎಂಜಿನಿಯರ್ ಫೋಟೋ ನೋಡಿ "ಒಣಗಿದೆಯಲ್ಲ, ಶುರು ಮಾಡಿ" ಅಂದರು. ಆದರೆ ಹೂಳು ತೆಗೆಯೋದು ಅರ್ಧ ಕೆಲಸ ಅಷ್ಟೇ. ಜೆಸಿಬಿ ಬಾಡಿಗೆ ನಮ್ಮದು, ಟ್ರಾಕ್ಟರ್ ಮತ್ತು ಡೀಸೆಲ್ ರೈತರದು. ಅವರು ಗೋಡನ್ನು ತಮ್ಮ ಹೊಲಕ್ಕೆ ಹೊಡೆದುಕೊಳ್ಳುತ್ತಾರೆ. ಬಜೆಟ್‌ನಲ್ಲಿ ಸ್ಥಳೀಯ ವಂತಿಗೆ ಅಂತ ತೋರಿಸಿದ್ದೂ ಅದನ್ನೇ. ಅಂದರೆ ಕೆರೆಯ ಜೊತೆ ಹೊಲವೂ ಖಾಲಿ ಇರಬೇಕು. ರಾಗಿ ಕೊಯ್ಲು ಮುಗಿದು, ಒಕ್ಕಣೆ ಆಗಿ, ಮತ್ತೆ ಮುಂಗಾರು ಉಳುಮೆ ಶುರುವಾಗುವ ತನಕ ಮಾತ್ರ ಆ ಜಾಗ ಸಿಗುತ್ತದೆ. ಜುಲೈನಲ್ಲಿ ಟ್ರಾಕ್ಟರ್‌ಗಳೆಲ್ಲ ಬಾಡಿಗೆ ಉಳುಮೆಗೆ ಹೋಗಿದ್ದವು, ಹೊಲಗಳಲ್ಲಿ ಬಿತ್ತನೆ ನಡೀತಿತ್ತು. ಊರಿನ ಹಿರಿಯರೊಬ್ಬರು ಕೇಳಿದರು: "ಏನ್ ಸಾರ್, ಗೋಡು ಎಲ್ಲಿಗೆ ಹೊಡೀಲಿ, ಪೈರಿನ ಮೇಲಾ?"

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಡಿಸೆಂಬರ್ ಒಳಗೆ ಖರ್ಚಾಗದ ಹಣವನ್ನು ಮುಂದಿನ ಕಂತಿನಲ್ಲಿ ಮುರಿದುಕೊಳ್ಳುತ್ತೇವೆ ಅಂತ ಒಪ್ಪಂದದಲ್ಲಿತ್ತು. ಅದಕ್ಕೆ ಹೆದರಿ ಜೆಸಿಬಿ ಇಳಿಸಿದೆವು. ತೆಗೆದ ಹೂಳನ್ನು ಕೆರೆಯಂಗಳದ ಅಂಚಿನಲ್ಲೇ ರಾಶಿ ಹಾಕಿಸಿದೆವು, ಬೇಸಿಗೆಯಲ್ಲಿ ಸಾಗಿಸಿದರಾಯಿತು ಅಂತ. ಒಂದು ಕೆರೆಯಲ್ಲಿ ರಾಶಿ, ಕೆರೆಗೆ ನೀರು ತರುವ ರಾಜಕಾಲುವೆಯ ಬಾಯಿಗೇ ಅಡ್ಡ ಬಿದ್ದಿತ್ತು. ಅಕ್ಟೋಬರ್ ಮಳೆಗೆ ರಾಶಿಯ ಬಹುಪಾಲು ವಾಪಸ್ ಕೆರೆಗೇ ಇಳಿಯಿತು.

ತಮಾಷೆ ಅಂದರೆ, ನಮ್ಮ ವರದಿಯಲ್ಲಿ ಹೂಳೆತ್ತುವ ಕೆಲಸದ ಸೂಚಕ ಗುರಿ ಮುಟ್ಟಿತ್ತು! ಸೂಚಕ ಏನಿತ್ತು ಅಂದರೆ "ಎಷ್ಟು ಘನ ಮೀಟರ್ ಹೂಳು ತೆಗೆಯಲಾಯಿತು". ಅಗೆದಿದ್ದನ್ನು ಅಳತೆ ಪುಸ್ತಕದಲ್ಲಿ ಬರೆದಿದ್ದರು, ಬಿಲ್ಲೂ ಪಾಸಾಗಿತ್ತು. ಎಷ್ಟು ಎಕರೆ ಹೊಲಕ್ಕೆ ಗೋಡು ಬಿತ್ತು ಅಂತ ಯಾರೂ ಕೇಳಿರಲಿಲ್ಲ. ಮೌಲ್ಯಮಾಪನಕ್ಕೆ ಬಂದವರು ಕೇಳಿದರು. ರೈತರ ವಂತಿಗೆ ಬಂದಿಲ್ಲ ಅನ್ನೋದೂ ಆಗಲೇ ಬಯಲಾಯಿತು. ಎರಡನೇ ವರ್ಷದ ಬಜೆಟ್‌ಗೆ ಕತ್ತರಿ ಬಿತ್ತು, ಒಂದು ಕೆರೆಯನ್ನು ಪಟ್ಟಿಯಿಂದಲೇ ಬಿಟ್ಟರು. ಆ ಊರಿನವರು ಈಗಲೂ ಸಂತೆಯಲ್ಲಿ ಸಿಕ್ಕರೆ ನನ್ನನ್ನು ಬಿಡೋದಿಲ್ಲ.

ಹಾಗಾಗಿ ನಿಮ್ಮ ವೇಳಾಪಟ್ಟಿಯಲ್ಲಿ ತಿಂಗಳ ಹೆಸರು ಬರೆಯಿರಿ. ಫೆಬ್ರವರಿ, ಮಾರ್ಚ್, ಏಪ್ರಿಲ್ ಅಂತಲೇ ಬರೆಯಿರಿ. ಲಾಗ್‌ಫ್ರೇಮ್‌ನ ಬಲಗಡೆ ಕೊನೆಯ ಕಾಲಮ್ ಇರುತ್ತದಲ್ಲ, ನಮ್ಮ ಕೈಲಿಲ್ಲದ ಸಂಗತಿಗಳನ್ನು ಬರೆಯೋದು, ಅಲ್ಲಿ ಎಲ್ಲರೂ "ಮಳೆ ಚೆನ್ನಾಗಿ ಆಗುತ್ತದೆ" ಅಂತ ಬರೆದು ಕೈತೊಳೆದುಕೊಳ್ಳುತ್ತಾರೆ. ನೀವು ಅಲ್ಲಿ "ಮೊದಲ ಕಂತು ಡಿಸೆಂಬರ್ ಒಳಗೆ ಬರುತ್ತದೆ" ಅಂತ ಬರೆಯಿರಿ. ಬಾರದಿದ್ದರೆ ಕೆಲಸ ಮುಂದಿನ ಫೆಬ್ರವರಿಗೆ ಹೋಗುತ್ತದೆ, ಹಣ ಮುರಿಯುವಂತಿಲ್ಲ ಅನ್ನುವ ಸಾಲನ್ನು ಒಪ್ಪಂದದಲ್ಲೇ ಸೇರಿಸಿ. ಕೇಳಿದರೆ ಕೊಡುತ್ತಾರೆ. ಕೇಳಲು ನಾವು ಸುಮ್ನೆ ಹೆದರುತ್ತೇವೆ ಅಷ್ಟೇ.

ಇನ್ನು ಕನ್ಸಲ್ಟೆಂಟ್ ವಿಷಯ. ನನ್ನ ಪ್ರಕಾರ ಬೇಡ. ವಿದೇಶಿ ದೇಣಿಗೆ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ತಿದ್ದುಪಡಿ ಆದಮೇಲೆ ವಿದೇಶಿ ಹಣದಲ್ಲಿ ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಮೊದಲು ಶೇ 50 ಇತ್ತು. ವರದಿ ಬರೆಸುವ ಖರ್ಚು, ವೃತ್ತಿಪರರ ಫೀಸು ಆ ಇಪ್ಪತ್ತರೊಳಗೇ ಬರುತ್ತದೆ. ಅಷ್ಟರಲ್ಲಿ ಅಕೌಂಟೆಂಟ್ ಸಂಬಳ, ಕಚೇರಿ ಬಾಡಿಗೆ, ಗಾಡಿ ಖರ್ಚೂ ತೂಗಬೇಕು. ಲಾಗ್‌ಫ್ರೇಮ್ ದೊಡ್ಡ ವಿದ್ಯೆಯೇನಲ್ಲ. 1969ರ ಸುಮಾರಿಗೆ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್ಏಡ್‌ಗೆ ಅಂತ ಮಾಡಿದ ನಾಲ್ಕು ಸಾಲು, ನಾಲ್ಕು ಕಾಲಮ್‌ನ ಪಟ್ಟಿ ಅದು. ಎಂಬತ್ತರ ದಶಕದಲ್ಲಿ ಜರ್ಮನಿಯ ನೆರವು ಸಂಸ್ಥೆ ಜಿಟಿಜೆಡ್‌ನವರು ಅದಕ್ಕೆ ಒಂದು ಒಳ್ಳೆಯ ರೂಢಿ ಸೇರಿಸಿದರು. ಸಂಬಂಧಪಟ್ಟವರೆಲ್ಲ ಒಟ್ಟಿಗೆ ಕೂತು, ಸಮಸ್ಯೆಗಳನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ, ಯಾವುದರಿಂದ ಯಾವುದು ಅಂತ ಜೋಡಿಸೋದು. ಆ ಭಾಗವನ್ನು ಮಾತ್ರ ಬಿಡಬೇಡಿ. ಊರಿನಲ್ಲೇ ಮಾಡಿ, ಕೆರೆ ನೀರು ಬಿಡುವ ನೀರುಗಂಟಿಯನ್ನು ಕೂರಿಸಿಕೊಳ್ಳಿ, ಟ್ರಾಕ್ಟರ್ ಇರುವವರನ್ನೂ ಕರೆಯಿರಿ. ನಿಮ್ಮ ಕಡೆ ಅರ್ಧ ಮಾತು ತೆಲುಗಿನಲ್ಲಿ ನಡೆಯುತ್ತದೆ, ನಡೆಯಲಿ. ಗೋಡು ಯಾವಾಗ ಹೊಡೀತೀರಿ ಅಂತ ನಾವು ಒಂದು ಸಲ ಕೇಳಿದ್ದರೆ ಅಲ್ಲೇ ಉತ್ತರ ಸಿಗುತ್ತಿತ್ತು.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಹಣವನ್ನು ಕೆರೆ ಸಂಘದ ಖಾತೆಗೆ ಹಾಕಿ ಅವರಿಂದಲೇ ಕೆಲಸ ಮಾಡಿಸುತ್ತೇವೆ ಅಂದಿದ್ದೀರಿ. ಅದು ಆಗದ ಮಾತು. ಅದೇ ತಿದ್ದುಪಡಿಯ ಪ್ರಕಾರ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಘ, ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿರುವ ನಿಮ್ಮ ಖಾತೆಗೆ ಬರಬೇಕು, ಅಲ್ಲಿಂದ ಇಲ್ಲಿನ ಖಾತೆಗೆ ತಂದುಕೊಂಡು ಜೆಸಿಬಿಯವರಿಗೆ, ಮೇಸ್ತ್ರಿಗೆ ನೀವೇ ಬಿಲ್ ಮೇಲೆ ಕೊಡಬೇಕು. ವಿಶ್ವಬ್ಯಾಂಕ್ ನೆರವಿನ ಕೆರೆ ಯೋಜನೆಯ ಕಾಲದಲ್ಲಿ ಸಂಘಗಳ ಮೂಲಕ ಕೆಲಸ ನಡೆದಿದ್ದು ನೆನಪಿರುವವರು ಊರಲ್ಲಿ ವಾದ ಮಾಡುತ್ತಾರೆ. ಅದು ಸರ್ಕಾರದ ಯೋಜನೆ, ಅದರ ದಾರಿಯೇ ಬೇರೆ. ಸಂಘದವರು ಯಾವ ಹೊಲಕ್ಕೆ ಎಷ್ಟು ಲೋಡು ಹೋಯಿತು ಅಂತ ಪುಸ್ತಕ ಬರೆಯಲಿ, ಬಿಲ್ ಪಾಸಾಗುವ ಮೊದಲು ಅವರ ಸಹಿ ಬೇಕು ಅಂತ ಮಾಡಿ.

ಅನುಮತಿಯನ್ನೂ ಈಗಲೇ ಕೇಳಿ. ಅಚ್ಚುಕಟ್ಟು, ಅಂದರೆ ಕೆರೆ ನೀರುಣ್ಣುವ ಜಮೀನು, 40 ಹೆಕ್ಟೇರ್ ಒಳಗಿದ್ದರೆ ಪಂಚಾಯತ್ ಕಡೆ, ಅದಕ್ಕಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆ. ನಿಮ್ಮ ಕೆರೆ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ತುಂಬಿಸುವ ಪಟ್ಟಿಯಲ್ಲಿದೆಯಾ ಅಂತಲೂ ನೋಡಿಕೊಳ್ಳಿ. ಇದ್ದರೆ ಬೇಸಿಗೆಯಲ್ಲೂ ನೀರು ನಿಂತಿರಬಹುದು, ಆಗ ಹೂಳೆತ್ತುವ ಮಾತೇ ಬೇಡ, ಬೇರೆ ಕೆರೆ ಹುಡುಕಿ.

ಒಪ್ಪಂದ ಯಾವ ತಾರೀಖಿನಿಂದ ಶುರು ಅಂತ ನೀವು ಬರೆದಿಲ್ಲ. ಇನ್ನೂ ಸಹಿ ಆಗಿಲ್ಲದಿದ್ದರೆ ಅಕ್ಟೋಬರ್ 1 ಹಾಕಿಸಿಕೊಳ್ಳಿ. ಆಗಿದ್ದರೆ ತಾರೀಖು ಇಲ್ಲೇ ಕಮೆಂಟ್‌ನಲ್ಲಿ ಹಾಕಿ, ಏನು ಮಾಡಬಹುದು ನೋಡೋಣ.