20 ಬೆಡ್ ಆಸ್ಪತ್ರೆಗೂ ಎನ್‌ಎಬಿಎಚ್ ಸಿಗುತ್ತೆ

ತಾಲೂಕಲ್ಲಿ 20 ಬೆಡ್ ಆಸ್ಪತ್ರೆ, ಎನ್‌ಎಬಿಎಚ್ (ಆಸ್ಪತ್ರೆಯ ಗುಣಮಟ್ಟಕ್ಕೆ ಕೊಡೋ ಮಾನ್ಯತೆ) ಸಿಗುತ್ತಾ ಅಂತ ಕೇಳಿದ್ರಲ್ಲ ಸರ್, ಖಂಡಿತ ಸಿಗುತ್ತೆ, 50 ಬೆಡ್‌ವರೆಗಿನ ಆಸ್ಪತ್ರೆಗಳಿಗೆ ಅಂತಾನೇ ಬೇರೆ ಸ್ಟ್ಯಾಂಡರ್ಡ್ ಇದೆ, ಮೊದಲು ಎಂಟ್ರಿ ಲೆವೆಲ್‌ಗೆ, ಅಂದ್ರೆ ಆರಂಭದ ಹಂತದ ಸರ್ಟಿಫಿಕೇಟ್‌ಗೆ ಅರ್ಜಿ ಹಾಕಿ. ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ರಾಜ್ಯ ಕಾಯ್ದೆಯ ನೋಂದಣಿ), ಪೊಲ್ಯೂಷನ್ ಬೋರ್ಡ್, ಫೈರ್ ಪೇಪರ್‌ಗಳು ಚಾಲ್ತೀಲಿರ್ಲಿ. ನಮ್ಮ ಆಸ್ಪತ್ರೇಲಿ ಇದನ್ನ ಮಾಡ್ಸುವಾಗ ನಿಜವಾಗ್ಲೂ ಕಷ್ಟ ಆಗಿದ್ದು ಬರೆದಿಡೋ ಅಭ್ಯಾಸ. ಉಪಕರಣಗಳನ್ನ ಹಬೆಯಲ್ಲಿ ಕ್ರಿಮಿಮುಕ್ತ ಮಾಡೋ ಆಟೋಕ್ಲೇವ್ ದಿನಾ ಓಡ್ತಿತ್ತು, ಸಿಸ್ಟರ್‌ಗಳು ಚೆನ್ನಾಗೇ ಕೆಲ್ಸ ಮಾಡ್ತಿದ್ರು, ರಿಜಿಸ್ಟರ್ ತೆಗೆದ್ರೆ ಮೂರು ತಿಂಗಳಿಂದ ಒಂದು ಸಾಲಿಲ್ಲ! ಅದಕ್ಕೇ ರಿಜಿಸ್ಟರ್, ಬೋರ್ಡ್ ಎಲ್ಲಾ ಕನ್ನಡದಲ್ಲೇ ಮಾಡಿ, ಸೂಜಿ ಬಿಳಿ ಡಬ್ಬಕ್ಕೆ, ರಕ್ತ ಆದ ಹತ್ತಿ ಹಳದಿ ಚೀಲಕ್ಕೆ, ಡ್ರಿಪ್ ಟ್ಯೂಬ್ ಕೆಂಪಿಗೆ ಅಂತ ಗೋಡೆಗೆ ಅಂಟಿಸಿ, ಆಯಾಗಳನ್ನೂ ಕೂರಿಸ್ಕೊಂಡು ನೀವೇ ಹೇಳ್ಕೊಡಿ, ಎನ್‌ಎಬಿಎಚ್ ಕಡೆಯಿಂದ ಪರಿಶೀಲನೆಗೆ ಬಂದೋರು ಅವ್ರನ್ನೂ ಕೇಳ್ತಾರೆ. ಕನ್ಸಲ್ಟೆಂಟ್ ಕೊಡೋ ರೆಡಿಮೇಡ್ ಫೈಲ್ ಮಾತ್ರ ನಂಬ್ಬೇಡಿ, ಅದ್ರಲ್ಲಿ ನಿಮ್ಮ ಆಸ್ಪತ್ರೇಲೇ ಇಲ್ಲದ ಐಸಿಯು ಎಲ್ಲಾ ಇರುತ್ತೆ.