ಪಕ್ಕದ ಮನೆ ಹುಡುಗಿಯ ಗುಟ್ಟು ನಮ್ಮ ಸ್ಟೋರ್ ರೂಮಿನಲ್ಲಿದೆ

ಪ್ರಶ್ನೆ: ನಾವು ದಾವಣಗೆರೆಯವರು. ಗಂಡನ ಕೆಲಸದ ಮೇಲೆ ಬಂದು ಆರು ವರ್ಷದಿಂದ ಮಲೇಷ್ಯಾದ ಶಾ ಆಲಂನಲ್ಲಿದ್ದೇವೆ. ಪಕ್ಕದ ಫ್ಲಾಟಿನ ಮಲಯ್ ಹುಡುಗಿಗೆ 17 ವರ್ಷ. ನನ್ನ ಹತ್ತಿರ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾಳೆ. ಈ ವರ್ಷ ಎಸ್‌ಪಿಎಂ, ಅಂದರೆ ಇಲ್ಲಿ ಶಾಲೆ ಮುಗಿಸುವಾಗ ಬರೆಯುವ ಸರಕಾರಿ ಪರೀಕ್ಷೆ. ಆದರೆ ತಲೆ ತುಂಬಾ ‘ಆರ್ಟಿಸ್’ಗಳೇ, ಅಂದರೆ ಸಿನಿಮಾ, ಟಿವಿ ತಾರೆಯರು. ಒಬ್ಬ ನಟಿ ತನ್ನ ಹೆಸರಲ್ಲಿ ಮಾರುವ ಫೇಸ್ ಕ್ರೀಮಿಗೂ ತುಡುಂಗ್ ಎಂಬ ತಲೆವಸ್ತ್ರಕ್ಕೂ ಇವಳು ‘ಏಜೆಂಟ್’ ಆಗಿದ್ದಾಳೆ. 900 ರಿಂಗಿಟ್ ಕಟ್ಟಿ ಮಾಲು ತರಿಸಿದ್ದಾಳೆ. ಅದರಲ್ಲಿ 300 ನಾನು ಕೊಟ್ಟ ಸಾಲ. ಪುಸ್ತಕಕ್ಕೆ ಎಂದಿದ್ದಳು. ಬಾಕ್ಸುಗಳೆಲ್ಲ ನಮ್ಮ ಸ್ಟೋರ್ ರೂಮಿನಲ್ಲಿವೆ. ಹಾಡಿಕೊಳ್ಳುತ್ತಾ ಅವನ್ನು ಎಣಿಸುತ್ತಾಳೆ (ಚೆನ್ನಾಗಿಯೇ ಹಾಡುತ್ತಾಳೆ), ಆದರೆ ಒಂದೂ ಮಾರಾಟವಾಗಿಲ್ಲ. ಅಮ್ಮನಿಗೆ ಹೇಳಬೇಡಿ ಆಂಟಿ ಎಂದು ಅಳುತ್ತಾಳೆ. ಮೊನ್ನೆ ಅವಳಮ್ಮ ಡಬ್ಬಿ ತುಂಬಾ ಕುಯಿ ತಂದುಕೊಟ್ಟು, ‘ನಿಮ್ಮ ಮನೆಗೆ ಬರೋಕೆ ಶುರು ಮಾಡಿದ ಮೇಲೆ ಮಗಳು ಓದ್ತಿದ್ದಾಳೆ’ ಎಂದರು. ಆ ಸಿಹಿ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಮಲಯ್ ಮಕ್ಕಳಿಗೆ ಈ ಹುಚ್ಚು ಜಾಸ್ತಿ ಅನಿಸುತ್ತದೆ. ಹೊರದೇಶದವಳು, ಬೇರೆ ಧರ್ಮದವಳು ನಾನು. ಬಾಯಿ ಹಾಕಬಹುದೇ?

ಉತ್ತರ: ಸ್ಟೋರ್ ರೂಮು ಕೊಟ್ಟ ದಿನವೇ ಬಾಯಿ ಹಾಕಿದಿರಲ್ಲ! ಈಗ ಉಳಿದಿರುವುದು ಹೇಗೆ ಮಾತಾಡುವುದು ಎಂಬುದು ಮಾತ್ರ.

ಮೊದಲು ಆ ‘ಹುಚ್ಚು ಜಾಸ್ತಿ’ ಎಂಬ ಮಾತು ಬಿಡಿ. ಕಟೌಟಿಗೆ ಹಾಲು ಸುರಿಯುವ ನಾಡಿನವರು ನಾವು. ಅಭಿಮಾನಿಗಳನ್ನು ‘ದೇವರು’ ಎಂದು ಕರೆದ ನಟನ ನಾಡು ನಮ್ಮದು. ಆ ಮಕ್ಕಳನ್ನು ನೋಡಿ ನಗುವ ಯೋಗ್ಯತೆ ನಮಗಿಲ್ಲ.

ಅಲ್ಲಿಯ ತಾರೆಯರ ಸೆಳೆತಕ್ಕೆ ಕಾರಣವೂ ಇದೆ. ಅವರಲ್ಲಿ ಅನೇಕರು ಆ ಮಕ್ಕಳಂಥದೇ ಮನೆಗಳಿಂದ ಬಂದವರು. 2005ರಲ್ಲಿ ಅಕಾಡೆಮಿ ಫಾಂಟಾಸಿಯಾ ಎಂಬ ಟಿವಿ ಹಾಡಿನ ಸ್ಪರ್ಧೆಯನ್ನು ಮಾವಿ ಎಂಬ ಹುಡುಗ ಗೆದ್ದ. ಜೊಹೊರ್ ರಾಜ್ಯದ ಫೆಲ್ಡಾ ತಾಯಿಬ್ ಅಂಡಕ್‌ನವನು. ಫೆಲ್ಡಾ ಅಂದರೆ ಜಮೀನಿಲ್ಲದ ಬಡ ಕುಟುಂಬಗಳಿಗೆ ಸರಕಾರ ರಬ್ಬರ್, ತಾಳೆ ತೋಟ ಮಾಡಿಕೊಟ್ಟ ವಸತಿ. ಅಂಥ ಕಡೆಯ ಹುಡುಗ ಗೆಲ್ಲಲಿ ಅಂತ ಜನ ಎಸ್ಸೆಮ್ಮೆಸ್ ಮೇಲೆ ಎಸ್ಸೆಮ್ಮೆಸ್ ಕಳಿಸಿದರು, ಪ್ರತಿ ವೋಟಿಗೂ ದುಡ್ಡು ಕೊಟ್ಟು. ನಿಮ್ಮ ಹುಡುಗಿಯ ಅಮ್ಮನಿಗೆ ಆಗ ಇಪ್ಪತ್ತರ ಆಸುಪಾಸು ಇರಬೇಕು. ಎಷ್ಟು ಎಸ್ಸೆಮ್ಮೆಸ್ ಕಳಿಸಿದ್ದಿರಿ ಎಂದು ಒಮ್ಮೆ ಕೇಳಿ ನೋಡಿ. ಆಕೆ ನಕ್ಕರೆ, ನೀವು ಹೇಳಬೇಕಾದ ಮಾತಿಗೆ ಬಾಗಿಲು ತೆರೆಯಿತು ಅಂದುಕೊಳ್ಳಿ.

ಹುಡುಗಿಗೆ ಅವಳ ತಾರೆಯರ ಕಥೆಯನ್ನೇ ಹೇಳಿ, ಆದರೆ ವರ್ಷ ಹಾಕಿ ಹೇಳಿ. ಗಾಯಕಿ ಸಿತಿ ನೂರ್‌ಹಲಿಜಾ ಪಹಾಂಗ್ ರಾಜ್ಯದ ಕ್ವಾಲಾ ಲಿಪಿಸ್ ಕಡೆಯವರು. 1995ರಲ್ಲಿ, ಹದಿನಾರನೇ ವಯಸ್ಸಿನಲ್ಲಿ, ಹಾಡಿನ ಸ್ಪರ್ಧೆ ಗೆದ್ದರು. ತಮ್ಮ ಹೆಸರಿನ ಸೌಂದರ್ಯವರ್ಧಕಗಳನ್ನು ಮಾರುಕಟ್ಟೆಗೆ ತಂದದ್ದು 2010ರಲ್ಲಿ. ನಡುವೆ ಹದಿನೈದು ವರ್ಷದ ಹಾಡು. ನಟಿ ನೀಲೋಫಾ ಕೂಡ ಅಷ್ಟೆ. 2010ರಲ್ಲಿ ದೇವಿ ರೆಮಾಜಾ ಎಂಬ ಸೌಂದರ್ಯ ಸ್ಪರ್ಧೆ ಗೆದ್ದು ಹೆಸರು ಮಾಡಿ, ತುಡುಂಗ್ ವ್ಯಾಪಾರ ತೆರೆದದ್ದು 2014ರಲ್ಲಿ. ಹೆಸರು ಮೊದಲು, ಬಾಕ್ಸು ಆಮೇಲೆ. ನಿಮ್ಮ ಹುಡುಗಿ ಬಾಕ್ಸಿನಿಂದ ಶುರು ಮಾಡಿದ್ದಾಳೆ. ತಾನು ಏಜೆಂಟ್ ಅಂದುಕೊಂಡಿದ್ದಾಳೆ, ಪಾಪ. ದುಡ್ಡು ಕಟ್ಟಿ ಮಾಲು ಎತ್ತಿದವಳು ಏಜೆಂಟ್ ಅಲ್ಲ, ಗಿರಾಕಿ. ಆ ನಟಿಯ ಕಡೆಯವರಿಗೆ ಮಾರಾಟ ಆಗಿಹೋಗಿದೆ. ಆಗದಿರುವುದು ಇವಳಿಗೆ ಮಾತ್ರ. ಇದನ್ನು ನೀವು ಲೆಕ್ಕದ ಪುಸ್ತಕದಲ್ಲೇ ಬರೆದು ತೋರಿಸಬಹುದು, ಅಲ್ವಾ? ನಟಿಯನ್ನು ಬೈಯಬೇಡಿ. ಬೈದರೆ ಹುಡುಗಿ ಅವಳ ಪರ ವಾದಕ್ಕೆ ನಿಲ್ಲುತ್ತಾಳೆ, ಲೆಕ್ಕ ಮರೆತುಹೋಗುತ್ತದೆ.

ಕ್ರೀಮಿನ ವಿಷಯಕ್ಕೆ ಮಾತ್ರ ತಡ ಮಾಡಬೇಡಿ, ಇವತ್ತೇ ನೋಡಿ. ಮಲೇಷ್ಯಾದಲ್ಲಿ ಇಂಥದ್ದನ್ನು ಮಾರುವ ಮೊದಲು ಆರೋಗ್ಯ ಸಚಿವಾಲಯದ ಎನ್‌ಪಿಆರ್‌ಎ ಸಂಸ್ಥೆಯಲ್ಲಿ ದಾಖಲಿಸಬೇಕು. ‘ಎನ್‌ಒಟಿ’ಯಿಂದ ಶುರುವಾಗುವ ಸಂಖ್ಯೆ ಸಿಗುತ್ತದೆ. ಅವರ ವೆಬ್‌ಸೈಟಿನಲ್ಲಿ ಕ್ರೀಮಿನ ಹೆಸರು ಹಾಕಿ ಹುಡುಕಿ. ಪಾದರಸ, ಹೈಡ್ರೋಕ್ವಿನೋನ್ ಸಿಕ್ಕ ಕ್ರೀಮುಗಳನ್ನು ಅವರು ಎಷ್ಟೋ ಸಲ ನಿಷೇಧಿಸಿದ್ದಾರೆ. ದಾಖಲಾದವುಗಳ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಆ ಡಬ್ಬಿಗಳನ್ನು ಅವಳು ಮಾರಲೂ ಬಾರದು, ಮುಖಕ್ಕೆ ಹಚ್ಚಲೂ ಬಾರದು.

ತುಡುಂಗ್ ಬಗ್ಗೆ ಒಂದು ಮಾತೂ ಬೇಡ. ಅದು ಅವರಿಗೆ ಬರೀ ಬಟ್ಟೆಯಲ್ಲ. ಯಾರ ಹೆಸರಿನದು ಕೊಳ್ಳಬೇಕು ಎಂಬುದು ತಾಯಿ ಮಗಳ ಮಾತು. ಆದರೆ ದುಡ್ಡು, ಸುಳ್ಳು, ಪರೀಕ್ಷೆ, ಈ ಮೂರರ ಬಗ್ಗೆ ಮಾತಾಡಲು ಪಕ್ಕದ ಮನೆ ಆಂಟಿಯಾದರೆ ಸಾಕು.

ಅಮ್ಮನಿಗೆ ಗೊತ್ತಾಗಲೇಬೇಕು. ಬರುವ ಭಾನುವಾರದವರೆಗೆ ಹುಡುಗಿಗೆ ಸಮಯ ಕೊಡಿ. ‘ನೀನೇ ಹೇಳು, ನಾನು ಪಕ್ಕದಲ್ಲಿ ಕೂತಿರ್ತೀನಿ’ ಎನ್ನಿ. ಅವಳಿಗೆ ಬಾಯಿ ಬಾರದಿದ್ದರೆ ನೀವೇ ಶುರು ಮಾಡಿ, ನಿಮ್ಮ ತಪ್ಪಿನಿಂದ. ಅಮ್ಮನನ್ನು ಕೇಳದೇ 300 ಕೊಟ್ಟದ್ದು, ಬಾಕ್ಸ್ ಬಚ್ಚಿಟ್ಟದ್ದು. ದೊಡ್ಡವರು ಮೊದಲು ತಲೆ ತಗ್ಗಿಸಿದರೆ ಹುಡುಗಿಗೆ ಬೈಗುಳ ಸ್ವಲ್ಪ ಕಡಿಮೆ ಬೀಳುತ್ತದೆ. ಬಾಕ್ಸುಗಳು ಅದೇ ದಿನ ಅವರ ಮನೆಗೆ ಹೋಗಲಿ. ತೆರೆಯದವನ್ನು ವಾಪಸ್ ತೆಗೆದುಕೊಳ್ಳುತ್ತಾರಾ ಎಂದು ಅಮ್ಮನೇ ವಿಚಾರಿಸಲಿ. ನಿಮ್ಮ 300 ಬಿಟ್ಟುಬಿಡಬೇಡಿ. ಪರೀಕ್ಷೆ ಮುಗಿದ ಮೇಲೆ ತಿಂಗಳಿಗೆ ಇಪ್ಪತ್ತು ಇಪ್ಪತ್ತಾಗಿ ತೀರಿಸಲಿ. ಪೂರ್ತಿ ಬಿಟ್ಟರೆ ಅದೂ ಇನ್ನೊಂದು ಗುಟ್ಟಾಗುತ್ತದೆ.

ಲೆಕ್ಕದಲ್ಲಿ ಅಂಕ ಕಡಿಮೆ ಬಂದರೆ ಆಕಾಶ ಬೀಳುವುದಿಲ್ಲ. ಆದರೆ ಮಲಯ್ ಭಾಷೆ ಮತ್ತು ಇತಿಹಾಸ ಪಾಸಾಗದೆ ಎಸ್‌ಪಿಎಂ ಸರ್ಟಿಫಿಕೇಟೇ ಸಿಗುವುದಿಲ್ಲ. ನಿಮ್ಮ ಪಾಠದ ಹೊತ್ತಿನಲ್ಲಿ ಅರ್ಧ ಗಂಟೆ ಇತಿಹಾಸಕ್ಕೆ ಬಿಟ್ಟುಕೊಡಿ.

ಮತ್ತೆ, ನೀವು ಕಂಸದೊಳಗೆ ಬಚ್ಚಿಟ್ಟ ಮಾತು. ಅವಳು ಚೆನ್ನಾಗಿ ಹಾಡುತ್ತಾಳೆ ಎಂದಿರಿ. ನಿಮ್ಮ ಪತ್ರದಲ್ಲಿ ನನಗೆ ಖುಷಿ ಕೊಟ್ಟದ್ದು ಅದೊಂದೇ. ಕ್ವಾಲಾಲಂಪುರದಲ್ಲಿ ಆಸ್ವಾರಾ ಎಂಬ ರಾಷ್ಟ್ರೀಯ ಕಲಾ ಅಕಾಡೆಮಿ ಇದೆ. ಸಂಗೀತ, ರಂಗಭೂಮಿ, ನೃತ್ಯ ಕಲಿಸುತ್ತಾರೆ. ಎಸ್‌ಪಿಎಂ ಮುಗಿಸಿದವರಿಗೆ ಡಿಪ್ಲೊಮಾ ಇದೆ. ಅಮ್ಮನ ಎದುರಿಗೇ ಇದನ್ನೂ ಹೇಳಿ.

ಹೋಗಲು ನೆಪ ಹುಡುಕುತ್ತಿದ್ದರೆ, ಆ ಕುಯಿ ಡಬ್ಬಿ ಇದೆಯಲ್ಲ, ವಾಪಸ್ ಕೊಡಬೇಕು. ಖಾಲಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ನಾಲ್ಕು ಚಕ್ಕುಲಿ ಹಾಕಿಕೊಂಡು ಹೋಗಿ. ಮುರುಕು ಅಂದರೆ ಅವರಿಗೂ ಗೊತ್ತು.