ಕಾಫಿ ದುಡ್ಡು ಬರುವ ತನಕ ಕಾಯುತ್ತಿದ್ದ ಅಂಗಡಿಗಳು

ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರ್, ಹಳೆಯ ಪೇಟೆ ಬೀದಿ ಅಂದರೆ ಜನ ಯಾಕೆ ಅಷ್ಟು ಹಂಬಲಿಸುತ್ತಾರೆ, ನಿಮ್ಮೂರಲ್ಲಿ ಅಂಥ ಅಂಗಡಿ ಇತ್ತಾ, ಈಗ ಸಿಗದೇ ಇರುವಂಥದ್ದು ಅಲ್ಲಿ ಏನಿತ್ತು ಅಂತ ಕೇಳಿದ್ದೀರಿ.

ನಾನು ಮಡಿಕೇರಿ ಹತ್ತಿರದ ಹಳ್ಳಿಯವಳು. ನಮ್ಮದು ಸಣ್ಣ ಕಾಫಿ ತೋಟ. ಮಹಡಿ ಮೇಲೆ ಮಹಡಿ, ಲಿಫ್ಟು, ಗಾಜಿನ ಬಾಗಿಲು ಇರುವ ಅಂಗಡಿ ನಾನು ಚಿಕ್ಕವಳಿದ್ದಾಗ ಕೊಡಗಿನಲ್ಲಿ ಇರಲೇ ಇಲ್ಲ. ರೈಲು ಕೂಡ ಬಾರದ ಜಿಲ್ಲೆ ನಮ್ಮದು. ಸಾಮಾನೆಲ್ಲ ಮೈಸೂರಿಂದಲೋ ಮಂಗಳೂರಿಂದಲೋ ಲಾರಿಯಲ್ಲೇ ಬರಬೇಕಿತ್ತು. ವಿರಾಜಪೇಟೆ ಕಡೆಗಾದರೆ ಮಾಕುಟ್ಟ ಘಟ್ಟ ಹತ್ತಿ ಕೇರಳದಿಂದಲೂ ಬರುತ್ತಿತ್ತು. ನಮಗೆ ಇದ್ದದ್ದು ಮಡಿಕೇರಿಯ ಮಹದೇವಪೇಟೆ. ಆ ಇಳಿಜಾರು ಬೀದಿಯಲ್ಲಿ ಒಂದು ಸಲ ನಡೆದರೆ ಮನೆಗೆ ಬೇಕಾದ್ದೆಲ್ಲ ಸಿಗುತ್ತಿತ್ತು.

ಮಳೆಗಾಲಕ್ಕೆ ಮೊದಲು ಅಲ್ಲಿಗೆ ಹೋಗುವುದು ದೊಡ್ಡ ಕೆಲಸ. ನಮ್ಮಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಮರ ಬಿದ್ದು ರಸ್ತೆ ಕಟ್ಟಿದರೆ ಬಸ್ಸೂ ಇಲ್ಲ. ಅದಕ್ಕೇ ಮೇ ತಿಂಗಳಲ್ಲೇ ಅಕ್ಕಿ, ಉಪ್ಪು, ಸೀಮೆಎಣ್ಣೆ, ಬೆಂಕಿಪೊಟ್ಟಣ, ಒಣಮೀನು ಎಲ್ಲ ತುಂಬಿಸಬೇಕು. ಬೆಂಕಿಪೊಟ್ಟಣವನ್ನು ಅವ್ವ ಒಲೆ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು, ಇಲ್ಲದಿದ್ದರೆ ತೇವ ಹಿಡಿದು ಕಡ್ಡಿ ಹತ್ತುವುದೇ ಇಲ್ಲ. ತೋಟದವರಿಗೆ ಕಂಬಳಿ, ಗಂಬೂಟು. ಜಿಗಣೆಗೆ ಹೊಗೆಸೊಪ್ಪು, ಸುಣ್ಣ. ನಮಗೆ ಸ್ಕೂಲಿಗೆ ಒಂದು ಡಕ್‌ಬ್ಯಾಕ್ ರೇನ್‌ಕೋಟು, ಯಾವಾಗಲೂ ಎರಡು ಸೈಜು ದೊಡ್ಡದು. ಹೊಸ ರಬ್ಬರಿನ ಆ ವಾಸನೆ ಬಂದರೆ ಸಾಕು, ಮಳೆ ಶುರುವಾಯಿತು ಅಂತ ಲೆಕ್ಕ.

ಬೇರೆ ಊರಿನ ಪೇಟೆಯಲ್ಲಿ ಸುಲಭಕ್ಕೆ ಕಾಣದ ಅಂಗಡಿಯೊಂದು ನಮ್ಮಲ್ಲಿತ್ತು. ಅದು ಕೋವಿ ಮತ್ತು ತೋಟಾ ಮಾರುವ ಅಂಗಡಿ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇದ್ದವರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದಲೇ ಇದೆ. ಆಯುಧಪೂಜೆಯ ಹಬ್ಬ ಕೈಲು ಮುಹೂರ್ತ, ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂದರೆ ಗಂಡಸರೆಲ್ಲ ಅಲ್ಲೇ. ಅವ್ವ ಬಟ್ಟೆ ಅಂಗಡಿಯಲ್ಲಿ ಕೂತರೆ ಅಪ್ಪ ಅಲ್ಲಿಗೆ ಹೋಗಿ ಹರಟೆ ಹೊಡೆಯುತ್ತಿದ್ದರು. ಇಬ್ಬರ ಮಧ್ಯೆ ಓಡಾಡುವುದು ನಮ್ಮ ಕೆಲಸ.

ಆದರೆ ನೀವು ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಸಾಮಾನಿನಲ್ಲಿ ಇಲ್ಲ. ಸಾಮಾನು ಈಗ ಇನ್ನೂ ಚೆನ್ನಾಗಿಯೇ ಸಿಗುತ್ತದೆ. ನನಗೆ ನೆನಪಾಗುವುದು ಅಂಗಡಿಯವರ ಲೆಕ್ಕದ ಪುಸ್ತಕ.

ಅದು ಅರ್ಥವಾಗಬೇಕಾದರೆ ಆಗಿನ ಕಾಫಿ ಮಾರಾಟ ಹೇಗಿತ್ತು ಅಂತ ಗೊತ್ತಿರಬೇಕು. ಬೆಳೆದ ಕಾಫಿಯನ್ನು ಬೇಕಾದವರಿಗೆ ಮಾರುವ ಹಾಗಿರಲಿಲ್ಲ. 1942ರ ಕಾಫಿ ಕಾಯ್ದೆಯ ಪ್ರಕಾರ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಸರ್ಕಾರದ ಕಾಫಿ ಬೋರ್ಡು ಮಾರುವ ವ್ಯವಸ್ಥೆಗೆ ಹಾಕಬೇಕಿತ್ತು. ಹಾಕಿದಾಗ ಒಂದಿಷ್ಟು ಮುಂಗಡ ಸಿಗುತ್ತಿತ್ತು. ಕಾಫಿ ಬೋರ್ಡು ಅದನ್ನು ಹರಾಜಿನಲ್ಲಿ ಮಾರಿದ ಮೇಲೆ ಉಳಿದ ಹಣ, ಕಾಫಿಯ ದರ್ಜೆ ನೋಡಿ ಕೊಟ್ಟ ಪಾಯಿಂಟ್ ಲೆಕ್ಕದಲ್ಲಿ, ಕಂತು ಕಂತಾಗಿ ಬರುತ್ತಿತ್ತು. ಕೊಯ್ಲು ಮುಗಿದು ಎಷ್ಟೋ ತಿಂಗಳಾದ ಮೇಲೂ ಅದೇ ಬೆಳೆಯ ಹಣ ಬರುವುದು ಬಾಕಿ ಇರುತ್ತಿತ್ತು. ಆದರೆ ಅಕ್ಕಿ, ಎಣ್ಣೆ, ಸ್ಕೂಲ್ ಫೀಸು, ಮದುವೆ, ಕಾಯಿಲೆ ಇವೆಲ್ಲ ಪಾಯಿಂಟ್ ನೋಡಿಕೊಂಡು ಬರುವುದಿಲ್ಲ ಅಲ್ವಾ?

ಆ ನಡುವಿನ ತಿಂಗಳುಗಳನ್ನು ದಾಟಿಸಿದ್ದು ಅಂಗಡಿಯವರು. ಅಪ್ಪ ಒಂದು ಚೀಟಿ ಬರೆದು ತೋಟದ ಕೆಲಸದವರ ಕೈಲಿ ಕಳಿಸಿದರೆ ಸಾಕು. ಸಂಜೆ ಬಸ್ಸಿನ ಟಾಪ್ ಮೇಲೆ ಮೂಟೆ ಬರುತ್ತಿತ್ತು. ನಮ್ಮ ಸ್ಟಾಪಿನಲ್ಲಿ ಕಂಡಕ್ಟರ್ ಅದನ್ನು ಇಳಿಸಿ, ಜೊತೆಗೆ ಅಂಗಡಿಯವರು ಲೆಕ್ಕ ಬರೆದ ಚೀಟಿಯನ್ನೂ ಕೊಡುತ್ತಿದ್ದರು. ದುಡ್ಡಿನ ಮಾತು ಯಾರೂ ಎತ್ತುತ್ತಿರಲಿಲ್ಲ. ಅಪ್ಪನೇ ಒಮ್ಮೊಮ್ಮೆ ಸಂಕೋಚದಿಂದ ತಡವಾಯಿತು ಅಂತ ಶುರು ಮಾಡಿದರೆ, ದಿನಸಿ ಅಂಗಡಿಯವರು "ಇರ್ಲಿ ಬಿಡಿ ಗೌಡ್ರೇ, ಕಾಫಿ ದುಡ್ಡು ಬಂದಾಗ ನೋಡೋಣ" ಅಂತ ನನ್ನ ಕೈಗೆ ಎರಡು ಪೆಪ್ಪರ್‌ಮಿಂಟ್ ಹಾಕುತ್ತಿದ್ದರು. ಅಕ್ಕನ ಮದುವೆಯ ಸೀರೆಗಳೂ ಹಾಗೇ ಬಂದವು. ಬಟ್ಟೆ ಅಂಗಡಿಯವರು ಒಂದು ಕಟ್ಟು ಸೀರೆಯನ್ನು ಮನೆಗೇ ಕಳಿಸಿದ್ದರು. ಬೇಕಾದ್ದು ಇಟ್ಟುಕೊಂಡು ಉಳಿದದ್ದು ವಾಪಸ್ ಕಳಿಸಿ ಅಂದರು. ಹಣ ಕೊಟ್ಟು ಮುಗಿದದ್ದು ಎಷ್ಟೋ ಕಾಲದ ನಂತರ.

ಇದನ್ನು ಬರೀ ಒಳ್ಳೆಯತನ ಅಂತ ನಾನು ಹೇಳುವುದಿಲ್ಲ. ಅಂಗಡಿಯವರಿಗೂ ಲಾಭ ಇತ್ತು. ಸಾಲ ಇರುವ ಮನೆಯವರು ಬೇರೆ ಅಂಗಡಿಗೆ ಹೋಗುವುದಿಲ್ಲ, ಬೆಲೆಗೆ ಜಾಸ್ತಿ ಚೌಕಾಸಿ ಮಾಡುವುದೂ ಇಲ್ಲ. ಆದರೂ ಯಾವ ತೋಟದಲ್ಲಿ ಈ ಸಲ ಕಾಫಿ ಹೂ ಅರಳಿಸುವ ಹೂ ಮಳೆ ಸರಿಯಾಗಿ ಬಿತ್ತು, ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳು ಓದುತ್ತಿದ್ದಾಳೆ ಎಲ್ಲ ಅವರಿಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲದೆ ಸಾಲ ಕೊಡಲು ಆಗುವುದಿಲ್ಲ. ಹಾಗಾಗಿ ವಿಚಾರಿಸುತ್ತಿದ್ದರು, ನಿಜವಾಗಿಯೂ ವಿಚಾರಿಸುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಗೊತ್ತಾಗಿ ದಿನಸಿ ಅಂಗಡಿಯಿಂದ ಒಂದು ಪೆನ್ನು ಬಂದಿತ್ತು.

ಪ್ಯಾರಿಸ್‌ನ ಲ ಬಾನ್ ಮಾರ್ಶೆ ಅಂಗಡಿಯ ಬಗ್ಗೆ ನೀವು ಕೇಳಿರಬಹುದು. 1852ರಲ್ಲಿ ಅರಿಸ್ಟೀಡ್ ಬೂಸಿಕೊ ಅದಕ್ಕೆ ಪಾಲುದಾರನಾಗಿ ಬಂದ ಮೇಲೆ ಬೆಳೆದ ಅಂಗಡಿ ಅದು. ಅದರ ಹೊಸತನ ಇದ್ದದ್ದು ಇದರಲ್ಲಿ: ಬೆಲೆ ಮೊದಲೇ ಬರೆದಿರುತ್ತದೆ, ಯಾರು ಬೇಕಾದರೂ ಒಳಗೆ ಬಂದು ಸುಮ್ನೆ ನೋಡಿಕೊಂಡು ಹೋಗಬಹುದು, ಪರಿಚಯ ಬೇಕಾಗಿಲ್ಲ. ಅದೂ ದೊಡ್ಡ ವಿಷಯವೇ. ನಮ್ಮ ಪೇಟೆ ಅದಕ್ಕೆ ಪೂರ್ತಿ ತಿರುಗಾಮುರುಗಾ. ಅಲ್ಲಿ ಪರಿಚಯವೇ ಬಂಡವಾಳ. ಪರಿಚಯ ಇಲ್ಲದ ಬಡವರಿಗೆ, ಎಸ್ಟೇಟ್ ಲೈನ್‌ಮನೆಗಳಲ್ಲಿ ಇದ್ದ ಕೂಲಿಯವರಿಗೆ ಈ ಸಾಲ ಅಷ್ಟು ಸುಲಭಕ್ಕೆ ಸಿಗುತ್ತಿರಲಿಲ್ಲ ಅನ್ನುವುದನ್ನೂ ಹೇಳಲೇಬೇಕು. ಅವರ ಪೇಟೆ ಅಂದರೆ ವಾರದ ಸಂತೆ. ವಾರದ ಬಟವಾಡೆ ಕೈಗೆ ಬಂದರೆ ಸಂತೆ. ಮಡಿಕೇರಿಯಲ್ಲಿ ಶುಕ್ರವಾರ. ಶನಿವಾರಸಂತೆಯಲ್ಲಿ ಯಾವ ದಿನ ಅಂತ ಬೇರೆ ಹೇಳಬೇಕಾಗಿಲ್ಲ. ಕನ್ನಡ, ಕೊಡವ, ಅರೆಭಾಷೆ, ಮಲಯಾಳ, ತಮಿಳು, ತುಳು ಎಲ್ಲ ಒಂದೇ ತಕ್ಕಡಿಯ ಸುತ್ತ ಕೇಳುತ್ತಿದ್ದವು.

ಒಂದೇ ಸೂರಿನಡಿ ಎಲ್ಲ ಸಿಗುವ ಅಂಗಡಿ ಅಂದರೆ ನಮ್ಮಲ್ಲಿ ಮಿಲಿಟರಿ ಕ್ಯಾಂಟೀನ್. ಕೊಡಗಿನಲ್ಲಿ ಸೈನ್ಯಕ್ಕೆ ಸೇರಿದವರು ಇಲ್ಲದ ನೆಂಟಸ್ತಿಕೆಯೇ ಇಲ್ಲ ಅನ್ನಬಹುದು. ನಮ್ಮ ಚಿಕ್ಕಪ್ಪ ಹವಾಲ್ದಾರ್ ಆಗಿ ನಿವೃತ್ತರಾದವರು. ಅವರ ಕಾರ್ಡಿನಲ್ಲಿ ಸೋಪು, ಬಿಸ್ಕತ್ತು, ಕುಕ್ಕರ್, ಸೂಟ್‌ಕೇಸು, ಮತ್ತೆ ಕೋಟಾದ ರಮ್ಮು. ಅಲ್ಲಿ ಸಾಲ ಇಲ್ಲ, ಸಾಲಿನಲ್ಲಿ ನಿಲ್ಲಬೇಕು. ನಿಂತವರೆಲ್ಲ ಹಳೆಯ ರೆಜಿಮೆಂಟಿನ ಕಥೆ ಹೇಳುತ್ತಿದ್ದರಿಂದ ಚಿಕ್ಕಪ್ಪನಿಗೆ ಅದೇ ಇಷ್ಟ.

ಈ ಪೇಟೆ ಬದಲಾದದ್ದು ಮಾಲ್‌ಗಳಿಂದ ಅಲ್ಲ, ಕಾಫಿಯಿಂದಲೇ ಅನ್ನುವುದು ನನ್ನ ನಂಬಿಕೆ. 1992ರಿಂದ ಪೂಲ್ ಸಡಿಲವಾಗುತ್ತಾ ಬಂತು. 1995ರಲ್ಲಿ ಸಣ್ಣ ಬೆಳೆಗಾರರಿಗೆ, 1996ರಲ್ಲಿ ಎಲ್ಲರಿಗೂ ತಮ್ಮ ಕಾಫಿ ತಾವೇ ಮಾರುವ ಸ್ವಾತಂತ್ರ್ಯ ಸಿಕ್ಕಿತು. ಅದೇ ಹೊತ್ತಿಗೆ, 1994ರಲ್ಲಿ, ಬ್ರೆಜಿಲ್‌ನಲ್ಲಿ ಚಳಿಗೆ ಕಾಫಿ ಗಿಡಗಳು ಸುಟ್ಟುಹೋಗಿ ಬೆಲೆ ಏರಿತ್ತು. ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಮೂಟೆ ಕೊಟ್ಟರೆ ಕೈಗೆ ಹಣ. ನಮ್ಮ ಮನೆಯಲ್ಲಿ ಆಗ ಎಷ್ಟು ಸಂತೋಷವಿತ್ತು ಅಂತ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಮೊದಲು ಮಾಡಿದ ಕೆಲಸ ಮಹದೇವಪೇಟೆಗೆ ಹೋಗಿ ಎಲ್ಲ ಬಾಕಿ ತೀರಿಸಿದ್ದು.

ಬಾಕಿ ತೀರಿದ ಮೇಲೆ ಅಲ್ಲಿಗೇ ಹೋಗಬೇಕೆಂಬ ಕಟ್ಟುಪಾಡು ಇರಲಿಲ್ಲ. ಕೈಯಲ್ಲಿ ಹಣ ಇದ್ದವರು ಮೈಸೂರಿಗೆ ಹೋದರು. ಮದುವೆ ಜವಳಿ ಅಂದರೆ ಮೈಸೂರೇ ಆಯಿತು. ಬೆಳೆಗಾರರಿಗೆ ಆದ ಬದಲಾವಣೆ ಒಳ್ಳೆಯದೇ. ಆ ಸ್ವಾತಂತ್ರ್ಯ ಬಿಟ್ಟುಕೊಟ್ಟು ಹಳೆಯ ಅಂಗಡಿ ವಾಪಸ್ ಬರಲಿ ಅಂತ ನಾನು ಖಂಡಿತ ಕೇಳುವುದಿಲ್ಲ. ಆದರೆ ನಮ್ಮ ಕಷ್ಟಕಾಲದಲ್ಲಿ ಜೊತೆಗಿದ್ದವರ ಅಂಗಡಿಗೆ, ನಮ್ಮ ಕೈಯಲ್ಲಿ ನಾಲ್ಕು ಕಾಸು ಬಂದಾಗಲೇ ಗಿರಾಕಿ ಕಡಿಮೆಯಾದದ್ದು ನನ್ನನ್ನು ಈಗಲೂ ಕಾಡುತ್ತದೆ.

ಈಗ ಪೇಟೆಯಲ್ಲಿ ಪ್ರವಾಸಿಗರಿಗಾಗಿ ಹೋಮ್‌ಮೇಡ್ ಚಾಕೊಲೇಟ್, ಮಸಾಲೆ, ಕಾಫಿಪುಡಿ ಅಂಗಡಿಗಳು ಜಾಸ್ತಿ. ಅವರೂ ಬದುಕಬೇಕು. ನೀವು ಬರುವುದಾದರೆ ಶುಕ್ರವಾರ ಬನ್ನಿ. ಸಂತೆಯಲ್ಲಿ ಒಂದು ಸುತ್ತು ಹಾಕಿ, ಅಡುಗೆಗೆ ಹಾಕುವ ನಮ್ಮ ಕಪ್ಪು ಹುಳಿ ಕಾಚಂಪುಳಿ ಸಿಕ್ಕರೆ ಒಂದು ಬಾಟಲಿ ತೆಗೆದುಕೊಳ್ಳಿ. ಆಮೇಲೆ ಮಹದೇವಪೇಟೆಯಲ್ಲಿ ಹಳೆಯ ದಿನಸಿ ಅಂಗಡಿ ಯಾವುದಾದರೂ ಕಂಡರೆ ಒಳಗೆ ಹೋಗಿ, ಗಲ್ಲಾಪೆಟ್ಟಿಗೆ ಮುಂದೆ ಕೂತ ಹಿರಿಯರ ಹತ್ತಿರ ಪೂಲ್ ಕಾಲದ ವ್ಯಾಪಾರ ಹೇಗಿತ್ತು ಅಂತ ಕೇಳಿ. ಗಿರಾಕಿ ಇಲ್ಲದ ಹೊತ್ತಾದರೆ ಕೂರಿಸಿಕೊಂಡು ಹೇಳುತ್ತಾರೆ.